‘ನೆಕ್ಸ್ಟ್’ ಅನ್ನುವುದನ್ನು ಬಿಟ್ಟ ಮೇಲೆ

ಮಧ್ಯಾಹ್ನ ಎರಡು ಗಂಟೆ, ಟೋಕನ್ 83. ಎದುರಿಗೆ ಕೂತ ಅಜ್ಜಿ ಮಗ ತೀರಿಕೊಂಡಿದ್ದನ್ನು ಹೇಳುತ್ತಿದ್ದರು. ನಾನು ಬಿಪಿ ಮಾತ್ರೆ ಬರೆದು ‘ನೆಕ್ಸ್ಟ್’ ಅಂದೆ. ಅಜ್ಜಿ ಎದ್ದು ಹೋದ ಮೇಲೂ ನನಗೆ ಏನೂ ಅನ್ನಿಸಲಿಲ್ಲ. ಏನೂ ಅನ್ನಿಸಲಿಲ್ಲವಲ್ಲ ಅಂತ ರಾತ್ರಿ ಮಲಗಿದಾಗ ಹೆದರಿಕೆಯಾಯಿತು.

ಶಿಡ್ಲಘಟ್ಟದಲ್ಲಿ ನನ್ನ ಕ್ಲಿನಿಕ್. ಆಗ ಸಂಜೆ ಇನ್ನೊಂದು ಆಸ್ಪತ್ರೆಯ ಓಪಿಡಿಯನ್ನೂ ನೋಡುತ್ತಿದ್ದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ ಮೂರು ಗುರುತು ಹೇಳಿತು: ಶಕ್ತಿಯೇ ಬತ್ತಿಹೋಗುವುದು, ಕೆಲಸದ ಮೇಲೆ ಮನಸ್ಸು ಮುರಿಯುವುದು, ಮಾಡಿದ್ದು ಯಾವುದೂ ಸಾಲದು ಅನ್ನಿಸುವುದು. ಇದು ರೋಗವಲ್ಲ, ಕೆಲಸದ ಜಾಗದ ಒತ್ತಡ ಹೀಗೇ ಮುಂದುವರಿದರೆ ಬರುವ ಸ್ಥಿತಿ ಅಂತಲೂ ಹೇಳಿತು. ಮೂರೂ ನನ್ನಲ್ಲಿದ್ದವು.

ಮೊದಲು ರಜೆ ಹಾಕಿ ಮಡಿಕೇರಿಗೆ ಹೋದೆ. ವಾಪಸ್ ಬಂದ ಸೋಮವಾರ ಊಟದ ಹೊತ್ತಿಗೆ ಮತ್ತೆ ಅದೇ ಕಥೆ. ಕೆಲಸ ಹಾಗೇ ಇದ್ದರೆ ರಜೆ ಏನು ಮಾಡೀತು, ಅಲ್ವಾ?

ಆಮೇಲೆ ಎರಡು ವಾರ ಚೀಟಿ ಪ್ಯಾಡಿನ ಹಿಂದೆ ಗೀಟು ಹಾಕುತ್ತಾ ಹೋದೆ. ಯಾವುದು ಸುಸ್ತು ಮಾಡಿತು ಅಂತ. ಕಷ್ಟದ ಕೇಸುಗಳು ಅಲ್ಲವೇ ಅಲ್ಲ. ಸರ್ಟಿಫಿಕೇಟು, ವಿಮೆ ಫಾರಂ, ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿಗೆ ಬರುವ ರಿಪೋರ್ಟು. ಎಲ್ಲಕ್ಕಿಂತ ಜಾಸ್ತಿ ಗೀಟು ಬಿದ್ದಿದ್ದು, ಅದೇ ದೂರು ಹೊತ್ತು ಐದನೇ ಸಲ ಬರುವವರಿಗೆ.

ಸಂಜೆಯ ಓಪಿಡಿ ಬಿಟ್ಟೆ. ಬೆಳಗ್ಗೆ 35 ಟೋಕನ್, ತುರ್ತಿನವರು ಬೇರೆ. ರಿಪೋರ್ಟುಗಳು ಕ್ಲಿನಿಕ್ಕಿನ ಫೋನಿಗೆ. ಕೆಲವರು ಬೇಜಾರಾಗಿ ಬೇರೆ ಡಾಕ್ಟರ ಹತ್ತಿರ ಹೋದರು. ಆದಾಯ ಇಳಿಯಿತು, ಮನೆ ಸಾಲದ ಕಂತು ಉದ್ದವಾಯಿತು. ಅತ್ತೆ ಇವತ್ತಿಗೂ ಆ ಓಪಿಡಿಯ ಬಗ್ಗೆ ಕೇಳುತ್ತಾರೆ.

ಉಳಿದ ಹೊತ್ತಲ್ಲಿ, ಗುರುವಾರ ಮಧ್ಯಾಹ್ನ, ಆ ಐದನೇ ಸಲದವರ ಮನೆಗೆ, ಕೆಲಸದ ಜಾಗಕ್ಕೆ ಹೋಗತೊಡಗಿದೆ. ಮೊದಲನೆಯದು ರೇಷ್ಮೆ ನೂಲು ಬಿಚ್ಚಾಣಿಕೆ ಶೆಡ್ಡು. ಒಳಗೆ ಕಾಲಿಟ್ಟರೆ ಹೊಗೆ, ಹಬೆ, ಬೆಂದ ಹುಳುವಿನ ವಾಸನೆ. ಆ ಹೆಂಗಸಿಗೆ ಬೆರಳ ಚರ್ಮ ಸುಲಿಯುತ್ತಿದೆ ಅಂತ ನಾನು ಐದು ಸಲ ಮುಲಾಮು ಬರೆದಿದ್ದೆ. ಅವರೋ ಬಿಸಿನೀರಿಗೆ ಕೈ ಹಾಕಿ ಗೂಡಿನ ಎಳೆ ಹುಡುಕುತ್ತಾ ದಿನಕ್ಕೆ ಎಂಟು ಗಂಟೆ ಕೂರುತ್ತಾರೆ! ಗ್ಲೌಸ್ ಹಾಕಿ ಅಂದೆ. ನಕ್ಕರು. “ಎಳೆ ಬೆರಳಿಗೆ ಸಿಗಬೇಕಲ್ಲ ಮೇಡಂ.” ಕೊನೆಗೆ ರಾತ್ರಿ ವ್ಯಾಸಲೀನ್ ದಪ್ಪಗೆ ಸವರಿ ಹತ್ತಿಯ ಕೈಗವಸು ಹಾಕಿ ಮಲಗುವುದು ಅಂತ ಒಪ್ಪಂದವಾಯಿತು.

ಅವರ ಗಂಡನ ಕೆಮ್ಮಿಗೂ ಸಿರಪ್ ಬರೆದೇ ಬರೆದಿದ್ದೆ. ಈಗ ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಅಂತ ಊದಿ ಅಳೆಯುವ ಪೀಕ್ ಫ್ಲೋ ಮೀಟರ್ ಕೊಟ್ಟು, ಕೆಲಸದ ದಿನಗಳಲ್ಲೂ ಬಿಡುವಿನ ದಿನಗಳಲ್ಲೂ ದಿನಕ್ಕೆ ನಾಲ್ಕು ಸಲ ಊದಿ ಬರೆದಿಡಿ ಅಂದೆ. ಮಗಳ ನೋಟ್‌ಬುಕ್ಕಿನಲ್ಲಿ ಬರೆದು ತಂದರು. ಬಿಡುವಿದ್ದ ದಿನ ಏರಿದ ಅಂಕಿ, ಶೆಡ್ಡಿಗೆ ಹೋದ ದಿನ ಇಳಿದಿತ್ತು. ಕೆಲಸದಿಂದ ಬರುವ ಅಸ್ತಮಾ ಹಿಡಿಯುವ ಹಳೆಯ ದಾರಿ ಇದು, ಓದುವಾಗ ಕಲಿತಿದ್ದೆ. ಇನ್‌ಹೇಲರ್ ಶುರುವಾಯಿತು. ಒಲೆಯ ಕೊಳವೆ ಸೂರಿನ ಮೇಲಕ್ಕೆ ಏರಿತು, ಅವರ ಜಾಗ ಬಾಗಿಲ ಹತ್ತಿರಕ್ಕೆ ಬಂತು. ಆ ನೋಟ್‌ಬುಕ್ ನೋಡಿದಾಗ ಆದ ಖುಷಿ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ಒಂದು ಮಾತು. ಬಿಡುವಿನಲ್ಲೂ ಯಾವುದೂ ಬೇಡ ಅನ್ನಿಸಿದರೆ, ಸಾಯುವ ಯೋಚನೆ ಬಂದರೆ ಅದು ಬರೀ ಬರ್ನ್‌ಔಟ್ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಡಾಕ್ಟರಾದರೂ ಅಷ್ಟೇ. ನಾನೂ ಮನೋವೈದ್ಯರನ್ನು ಕಂಡೆ, ಆದರೆ ಊರಲ್ಲಿ ಯಾರಾದರೂ ನೋಡಿಯಾರು ಅಂತ ಬೆಂಗಳೂರಿಗೆ ಹೋದೆ.

ಈಗ ಒಬ್ಬರು ಎದ್ದ ಮೇಲೆ ನಾನೇ ಬಾಗಿಲಿಗೆ ಹೋಗಿ ಮುಂದಿನವರನ್ನು ಹೆಸರು ಹಿಡಿದು ಕರೆಯುತ್ತೇನೆ. ಕಾಂಪೌಂಡರ್ ಮಾತ್ರ ಹೊರಗಿನಿಂದ ಇನ್ನೂ ‘ನೆಕ್ಸ್ಟ್’ ಅಂತ ಕೂಗುತ್ತಾನೆ.