ಪೋರ್ಷೆ 944ರ ಡಿಕ್ಕಿ ತೆಗೀದೇ ಇದ್ದಾಗ ನಾನು ಮಾಡಿದ್ದು

ಹಳೇ 944 ಇಟ್ಕೊಂಡಿರೋರಿಗೆ ಹಿಂದಿನ ಹ್ಯಾಚ್ (ಮೇಲಕ್ಕೆ ಏಳೋ ಡಿಕ್ಕಿ ಬಾಗಿಲು) ತೆಗೀದೇ ಇರೋ ತಲೆನೋವು ಒಂದಲ್ಲ ಒಂದಿನ ಬಂದೇ ಬರುತ್ತೆ. ಬಂದಾಗ ಎಲ್ರೂ ಮೊದ್ಲು ಬೈಯೋದು ಲಾಕಿಗೆ, ಇಲ್ಲಾಂದ್ರೆ ಆ ಲಾಕ್ ಬಿಡಿಸೋ ಮೋಟರಿಗೆ. ನನ್ ಕಾರಲ್ಲಿ ಎರಡೂ ಚೆನ್ನಾಗೇ ಇತ್ತು, ತೊಂದ್ರೆ ಇದ್ದಿದ್ದು ಎಡಗಡೆ ಪಿನ್ ಮೇಲೆ ಬೀಳ್ತಿದ್ದ ಒತ್ತಡ, ಅಷ್ಟೇ. ಅದು ಗೊತ್ತಾಗೋಕೆ ಮುಂಚೆ ಮೋಟರ್ ಆರ್ಡರ್ ಮಾಡ್ಬಿಡೋರು ಬಹಳ ಜನ ಇದಾರೆ, ಅದಕ್ಕೇ ಬರೀತಿದೀನಿ.

ನನ್ದು 1987ರ ಗಾಡಿ, ಇಲ್ಲಿ ನ್ಯೂಜೆರ್ಸಿಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಈ ಕಾರಿನ ಹಿಂದೆ ಮಾಮೂಲಿ ಡಿಕ್ಕಿ ಡೋರ್ ಇಲ್ಲ, ಪೂರ್ತಿ ದೊಡ್ಡ ಬಗ್ಗಿದ ಗಾಜು, ಅದರ ಸುತ್ತ ತೆಳು ಫ್ರೇಮು, ಗಾಜು ಫ್ರೇಮಿಗೆ ಅಂಟಿಂದ ಕೂತಿರುತ್ತೆ. ಕೆಳಗಿನ ಎರಡೂ ಮೂಲೇಲಿ ಒಂದೊಂದು ಪಿನ್, ಬಾಡಿಲಿ ಅದಕ್ಕೆ ಸರಿಯಾಗಿ ಒಂದೊಂದು ಲ್ಯಾಚ್. ಡ್ರೈವರ್ ಕಡೆ ಇರೋ ಸ್ವಿಚ್ ಒತ್ತಿದ್ರೆ ಹಿಂದುಗಡೆ ಕಾರ್ಪೆಟ್ ಮರೇಲಿರೋ ಮೋಟರ್ ತಿರುಗಿ ಎರಡೂ ಲ್ಯಾಚನ್ನ ಒಟ್ಟಿಗೆ ಎಳೀಬೇಕು. ಎರಡರಲ್ಲಿ ಒಂದು ಬಿಡ್ಲಿಲ್ಲ ಅಂದ್ರೂ ಹ್ಯಾಚ್ ಏಳಲ್ಲ.

ಅವತ್ತು ಇಂಡಿಯನ್ ಸ್ಟೋರಿಂದ ಬಂದು ಸ್ವಿಚ್ ಒತ್ತಿದೆ, ಗುರ್ ಅಂತು, ಬಲಗಡೆ ಟಕ್ ಅಂತ ಒಂದು ಬೆರಳಷ್ಟು ಎದ್ದು ನಿಂತ್ಕೊಳ್ತು, ಎಡಗಡೆ ಜಪ್ಪಯ್ಯ ಅನ್ಲಿಲ್ಲ. ಕೀ ಹಾಕಿ ತಿರುಗಿಸಿದ್ರೂ ಅದೇ ಕತೆ. ಒಳಗೆ 20 ಪೌಂಡಿನ ಸೋನಾ ಮಸೂರಿ ಮೂಟೆ.

ಇಲ್ಲಿ ಮೊದಲ್ನೇ ಕೆಲಸ ಅಂದ್ರೆ ಕೈ ಕಟ್ಕೊಂಡು ಕಿವಿ ಕೊಡೋದು. ಸ್ವಿಚ್ ಒತ್ತಿದಾಗ ಏನೂ ಸದ್ದೇ ಇಲ್ಲ ಅಂದ್ರೆ ಫ್ಯೂಸು, ಸ್ವಿಚ್ಚು, ವೈರು, ಮೋಟರು ಈ ಕಡೆ ಹೋಗ್ಬೇಕು. ಸದ್ದು ನಿಧಾನಕ್ಕೆ ಏದುಸಿರು ಬಿಟ್ಟಂಗೆ ಬಂದ್ರೆ ಬ್ಯಾಟರಿ ವೋಲ್ಟೇಜ್ ನೋಡ್ಬೇಕು. ಸದ್ದು ಗಟ್ಟಿಯಾಗೇ ಬಂದು ಒಂದು ಕಡೆ ಮಾತ್ರ ಬಿಟ್ರೆ ಕರೆಂಟ್ ಕಡೆ ತಲೆ ಹಾಕ್ಲೇಬೇಡಿ, ಅದು ಮೆಕ್ಯಾನಿಕಲ್ಲು. ಹಾಗಂತ ಸ್ವಿಚ್ಚನ್ನ ಸುಮ್ನೆ ಒತ್ತುತಾನೇ ಇರ್ಬೇಡಿ, ಮೋಟರ್ ಬಿಸಿ ಆಗಿ ಅದೂ ಕೆಟ್ರೆ ಒಂದಿದ್ದ ರಿಪೇರಿ ಎರಡಾಗುತ್ತೆ.

ಇನ್ನೊಂದು, ಎದ್ದಿರೋ ಮೂಲೆ ಹಿಡ್ಕೊಂಡು ಮೇಲಕ್ಕೆ ಜಗ್ಗಬಾರದು. ಎಡಗಡೆ ಲಾಕ್ ಆಗಿರುವಾಗ ಬಲಗಡೆ ಎಳೆದ್ರೆ ಫ್ರೇಮ್ ತಿರುಚ್ಕೊಂಡು ಗಾಜಿನ ಅಂಟು ಬಿಡುತ್ತೆ. ಈ ಕಾರುಗಳಲ್ಲಿ ಗಾಜು ಫ್ರೇಮಿಂದ ಬಿಟ್ಕೊಳ್ಳೋದು ಎಲ್ರಿಗೂ ಗೊತ್ತಿರೋ ಹಳೇ ಕಾಯಿಲೆ. ಸ್ಕ್ರೂಡ್ರೈವರ್ ತೂರಿಸಿ ಮೀಟೋದಂತೂ ಬೇಡ್ವೇ ಬೇಡ, ಪೇಂಟೂ ಹೋಗುತ್ತೆ, ಗಾಜಿನ ಅಂಚಿಗೆ ತಾಗಿದ್ರೆ ಗಾಜೂ ಹೋಗುತ್ತೆ.

ಮಾಡ್ಬೇಕಾದ್ದು ಇದರ ಉಲ್ಟಾ. ಸಿಕ್ಕಿಬಿದ್ದಿರೋ ಮೂಲೇನ ಅಂಗೈಲಿ ಕೆಳಕ್ಕೆ ಒತ್ತಿ ಹಿಡೀಬೇಕು, ಅದೇ ಹೊತ್ತಿಗೆ ಇನ್ನೊಬ್ರು ಸ್ವಿಚ್ ಒತ್ತಬೇಕು. ಹ್ಯಾಚ್ ಸುತ್ತ ಇರೋ ರಬ್ಬರ್ ಬೀಡಿಂಗು ಅದನ್ನ ಯಾವಾಗ್ಲೂ ಮೇಲಕ್ಕೆ ತಳ್ತಾ ಇರುತ್ತೆ, ಆ ಎಳೆತಕ್ಕೆ ಪಿನ್ನು ಲ್ಯಾಚಿನ ಕೊಂಡೀಲಿ ಬಿಗಿಯಾಗಿ ಕೂತಿರುತ್ತೆ, ನಾವು ಕೆಳಗೆ ಒತ್ತಿದ್ರೆ ಆ ಭಾರ ಇಳಿದು ಕೊಂಡಿ ಸರಿಯೋಕೆ ಜಾಗ ಸಿಗುತ್ತೆ. ಬಹಳ ಸಲ ಇಷ್ಟಕ್ಕೇ ತೆಗೆಯುತ್ತೆ. ನನಗೆ ತೆಗೀಲಿಲ್ಲ.

ಸರಿ ಅಂತ ಹಿಂದಿನ ಸೀಟ್ ಮಡಚಿ ಮಗನ್ನ ಒಳಗೆ ತೂರಿಸ್ದೆ, ನನ್ ಹೊಟ್ಟೆ ಇಟ್ಕೊಂಡು ಅಲ್ಲಿಗೆ ಹೋಗೋ ಮಾತೇ ಇಲ್ಲ. ಅಕ್ಕಿ ಮೂಟೆ ಪಕ್ಕದಲ್ಲಿ ಮಲ್ಕೊಂಡು, ಫೋನ್ ಟಾರ್ಚ್ ಬಾಯಲ್ಲಿ ಕಚ್ಕೊಂಡು, ಹಿಂದಿನ ಕಾರ್ಪೆಟ್ ಎತ್ತಿ ನೋಡಿ ಹೇಳ್ದ, "ಅಪ್ಪಾ, ಈ ಕಡೇದೂ ಅಲ್ಲಾಡ್ತಿದೆ, ಆದ್ರೆ ಪೂರ್ತಿ ಹೋಗ್ತಿಲ್ಲ, ಅರ್ಧಕ್ಕೇ ನಿಂತ್ಕೊಳ್ತಿದೆ." ಈ ಒಂದು ಮಾತಿಂದ ಅರ್ಧ ಡಯಾಗ್ನೋಸಿಸ್ ಮುಗೀತು, ಮೋಟರಿಂದ ಲ್ಯಾಚಿಗೆ ಹೋಗೋ ಕಡ್ಡಿ ತುಂಡಾಗಿಲ್ಲ, ಮೋಟರ್ ಎಳೀತಿದೆ, ಕೊಂಡಿ ಮಾತ್ರ ಪಿನ್ನನ್ನ ಬಿಡ್ತಿಲ್ಲ. ನಾನು ಹೊರಗಿಂದ ಎಡ ಮೂಲೆ ಮೇಲೆ ಭಾರ ಬಿಟ್ಟೆ, ಹೆಂಡ್ತಿ ಸ್ವಿಚ್ ಒತ್ತಿದ್ಲು, ಮಗ ಒಳಗಿಂದ ಉದ್ದ ಸ್ಕ್ರೂಡ್ರೈವರಲ್ಲಿ ಕೊಂಡೀನ ಅದು ಹೋಗೋ ದಿಕ್ಕಿಗೇ ಮೆಲ್ಲಗೆ ತಳ್ಳಿದ, ಟಕ್.

ತೆಗೀತಲ್ಲ ಅಂತ ಮತ್ತೆ ಮುಚ್ಚಿಬಿಡಬೇಡಿ, ನಿಜವಾದ ಕೆಲಸ ಈಗ ಶುರು. ಹ್ಯಾಚ್ ಮೇಲೇ ಇರ್ಲಿ, ಸ್ಕ್ರೂಡ್ರೈವರ್ ಕಡ್ಡೀನ ಲ್ಯಾಚ್ ಒಳಗೆ ಒತ್ತಿ, ಪಿನ್ ಬಂದಂಗೆ ಅದು ಕಚ್ಕೊಳ್ಳುತ್ತೆ, ಆಮೇಲೆ ಸ್ವಿಚ್ ಒತ್ತಿ ನೋಡಿ. ನನ್ದರಲ್ಲಿ ಎರಡೂ ಕಡೆ ಸಲೀಸಾಗಿ ಬಿಡ್ತು, ಅಂದ್ರೆ ಭಾರ ಇಲ್ದಿದ್ದಾಗ ಲ್ಯಾಚ್ ಕರೆಕ್ಟ್. ಹಾಗಿದ್ರೂ ಒಳಗೆ ಹಳೇ ಗ್ರೀಸು ಟಾರ್ ಥರ ಗಟ್ಟಿಯಾಗಿ ಮಣ್ಣು ಹಿಡ್ಕೊಂಡಿತ್ತು, ಸುತ್ತ ಬಟ್ಟೆ ಕೊಟ್ಟು ಬ್ರೇಕ್ ಕ್ಲೀನರ್ ಹೊಡೆದು ಒರೆಸಿ, ವೈಟ್ ಲಿಥಿಯಂ ಗ್ರೀಸ್ ಒಂಚೂರು ಸವರಿದೆ. ಕೀ ಹಾಕೋ ಲಾಕಿಗೆ ಮಾತ್ರ ಗ್ರೀಸ್ ಬೇಡ, ಧೂಳು ಹಿಡಿದು ಜಾಮ್ ಆಗುತ್ತೆ, ಗ್ರಾಫೈಟ್ ಪುಡಿ ಸಾಕು.

ಆಮೇಲೆ ಪಿನ್ನು. ತುದಿಗೆ ಹೆಂಡ್ತಿ ಹಳೇ ಲಿಪ್‌ಸ್ಟಿಕ್ ಬಳಿದು ("ಗ್ಯಾರೇಜಲ್ಲಿ ಅಷ್ಟೊಂದು ಡಬ್ಬ ಇದೆ, ನನ್ದೇ ಬೇಕಿತ್ತಾ ನಿಮ್ಗೆ?") ಹ್ಯಾಚನ್ನ ಲಾಕ್ ಆಗದಷ್ಟು ಮೆಲ್ಲಗೆ ಇಳಿಸಿ ಎತ್ತಿದೆ. ಬಣ್ಣ ಲ್ಯಾಚ್ ಬಾಯಿಯ ಅಂಚಿಗೆ ಅಂಟಿದ್ರೆ ಪಿನ್ ವಾರೆಯಾಗಿ ಇಳೀತಿದೆ ಅಂತ. ನನ್ದರಲ್ಲಿ ಅಂಚಿಗೆ ಏನೂ ಅಂಟಿರ್ಲಿಲ್ಲ, ನೇರವಾಗೇ ಇಳೀತಿತ್ತು. ಉಳಿದಿದ್ದು ಎತ್ತರ. ಇದಕ್ಕೆ ಒಂದು ಡಾಲರ್ ನೋಟು ಸಾಕು, ಬೀಡಿಂಗ್ ಮೇಲೆ ನೋಟಿಟ್ಟು ಹ್ಯಾಚ್ ಮುಚ್ಚಿ ಎಳೀರಿ. ಬಲಗಡೆ ನೋಟು ಸ್ವಲ್ಪ ಬಿಗಿಯಾಗಿ ಜಾರ್ಕೊಂಡು ಬಂತು, ಎಡಗಡೆ ಎಳೆದ್ರೆ ನೋಟೇ ಹರಿಯೋ ಥರ ಆಯ್ತು. ಈ ಪರೀಕ್ಷೆ ಮಾಡೋವಾಗ ಮಗ ಒಳಗೇ ಇದ್ದ, ಮತ್ತೆ ಸಿಕ್ಕಿಬಿದ್ರೆ ಅಂತ.

ಆಗ ಸರಿಯಾಗಿ ನೋಡಿದ್ರೆ ಬೀಡಿಂಗು ಹೊಸದು, ಮುಂಚೆ ಗಾಡಿ ಇಟ್ಕೊಂಡಿದ್ದೋರು ಹಾಕ್ಸಿರೋದು. ಹೊಸ ರಬ್ಬರು ಹಳೇದಕ್ಕಿಂತ ದಪ್ಪ, ಗಡುಸು, ಹಳೇ ಚಪ್ಪಟೆ ರಬ್ಬರಿಗೆ ಅಂತ ಸೆಟ್ ಮಾಡಿದ್ದ ಪಿನ್ನನ್ನ ಹಾಗೇ ಬಿಟ್ರೆ ಇನ್ನೇನಾಗುತ್ತೆ. ಚಳಿಗಾಲದಲ್ಲಿ ರಬ್ಬರ್ ಇನ್ನೂ ಗಡುಸಾಗುತ್ತೆ ಬೇರೆ.

ಪಿನ್ನಿಗೆ ಸ್ಕ್ರೂ ಥರ ಥ್ರೆಡ್ ಇದೆ, ಲಾಕ್‌ನಟ್ ಸಡಿಲಿಸಿ ತಿರುಗಿಸಿದ್ರೆ ಎತ್ತರ ಬದಲಾಗುತ್ತೆ. ಪಿನ್ ಹೊರಗೆ ಬಂದಷ್ಟೂ ಹ್ಯಾಚ್ ಎತ್ತರಕ್ಕೆ ಕೂರುತ್ತೆ, ರಬ್ಬರ್ ಮೇಲಿನ ಒತ್ತಡ ಇಳಿಯುತ್ತೆ. ನಟ್ ತುಕ್ಕು ಹಿಡಿದಿದ್ರೆ ಪೆನೆಟ್ರೇಟಿಂಗ್ ಆಯಿಲ್ ಹಾಕಿ ರಾತ್ರಿ ಪೂರ್ತಿ ಬಿಡಿ, ಫ್ರೇಮ್ ಮೇಲೆ ಜೋರು ಮಾಡೋ ಹಾಗಿಲ್ಲ. ಶುರು ಮಾಡೋಕೆ ಮುಂಚೆ ಪಿನ್ ಎಷ್ಟು ಹೊರಗಿತ್ತು ಅಂತ ಫೋಟೋ ತೆಕ್ಕೊಳ್ಳಿ. ಅರ್ಧರ್ಧ ಸುತ್ತು ಹೊರಗೆ ತೆಗೀತಾ, ಪ್ರತಿ ಸಲ ನೋಟಿಟ್ಟು ನೋಡ್ತಾ, ಎರಡೂ ಕಡೆ ಒಂದೇ ಬಿಗಿ ಬರೋವರ್ಗೂ ಹೋದೆ. ಅತಿ ಮಾಡಿದ್ರೆ ಗಾಳಿ ಸದ್ದು ಬರುತ್ತೆ, ನೀರು ಇಳಿಯುತ್ತೆ, ಎಕ್ಸಾಸ್ಟ್ ಹೊಗೆ ವಾಸ್ನೇನೂ ಒಳಗೆ ಬರ್ಬಹುದು. ಅದಕ್ಕೇ ಕೊನೇಲಿ ಪೈಪಲ್ಲಿ ನೀರು ಬಿಟ್ಟು ಒಳಗೆ ಒಣ ಟಿಶ್ಯೂ ಇಟ್ಟು ನೋಡ್ದೆ, ಒದ್ದೆ ಆಗಿರ್ಲಿಲ್ಲ.

ಹ್ಯಾಚನ್ನ ಎತ್ತಿ ಹಿಡಿಯೋ ಗ್ಯಾಸ್ ಶಾಕ್ ಕೂಡ ನೋಡ್ಕೊಳ್ಳಿ, ವೀಕ್ ಆಗಿದ್ರೆ ಗಾಜು ತಲೆ ಮೇಲೆ ಬೀಳುತ್ತೆ, ಸಿಕ್ಕಾಪಟ್ಟೆ ಸ್ಟ್ರಾಂಗ್ ಇರೋದು ಹಾಕಿದ್ರೆ ಮುಚ್ಚೋವಾಗ ಫ್ರೇಮ್ ಬಗ್ಗುತ್ತೆ. ಮುಚ್ಚೋಕೆ ಗಾಜಿನ ಮಧ್ಯ ಕೈಯಿಟ್ಟು ಬಡೀಬೇಡಿ, ಎರಡೂ ಪಿನ್ ನೇರಕ್ಕೆ ಎರಡು ಅಂಗೈ ಇಟ್ಟು ಒಟ್ಟಿಗೆ ಒತ್ತಿ, ಎರಡು ಟಕ್ ಕೇಳ್ಬೇಕು.

ಆಮೇಲೆ ಹಳ್ಳ ಬಿದ್ದ ರೋಡಲ್ಲಿ ಎಡಗಡೆ ಸಣ್ಣಗೆ ಕಟಕಟ ಅಂತಿತ್ತು, ಪಿನ್ನನ್ನ ಕಾಲು ಸುತ್ತು ವಾಪಸ್ ಒಳಗೆ ಹಾಕಿ ಲಾಕ್‌ನಟ್ ಬಿಗಿ ಮಾಡಿದ್ಮೇಲೆ ಅದೂ ನಿಂತ್ಹೋಯ್ತು.