ಕೆಲಸ ನಿಂತಾಗ ಹತ್ತಿದ ತಾರಸಿಗಳು

ಶನಿವಾರ ಸಂಜೆ ಬಟವಾಡೆ ಆಗದಿದ್ದರೆ ಸೋಮವಾರ ಆಳು ಬರುವುದಿಲ್ಲ. ಗಾರೆ ಕೆಲಸ ಮಾಡಿಸುವವರಿಗೆಲ್ಲ ಇದು ಗೊತ್ತು. 2016ರ ನವೆಂಬರ್‌ನಲ್ಲಿ 500, 1000ದ ನೋಟು ರದ್ದಾದಾಗ ನನ್ನ ಹತ್ತಿರ ನಾಲ್ಕು ಮೇಸ್ತ್ರಿಗಳು, ಆರು ಕೈಯಾಳುಗಳು ಇದ್ದರು. ಮೇಸ್ತ್ರಿಗೆ ದಿನಕ್ಕೆ 600, ಕೈಯಾಳಿಗೆ 350. ಆರು ದಿನಕ್ಕೆ 27,000 ರೂಪಾಯಿ. ಉಳಿತಾಯ ಖಾತೆಯಿಂದ ವಾರಕ್ಕೆ ತೆಗೆಯಲು ಬಿಡುತ್ತಿದ್ದದ್ದು 24,000. ಅದೂ ನಮ್ಮ ಪಾಳಿ ಬರುವ ಹೊತ್ತಿಗೆ ಬ್ಯಾಂಕಿನಲ್ಲಿ ದುಡ್ಡು ಉಳಿದಿದ್ದರೆ.

ಆಗ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಒಂದು, ಶಾಮನೂರು ಕಡೆ ಒಂದು ಮನೆ ನಡೆಯುತ್ತಿದ್ದವು. ಎರಡೂ ಬಾಗಿಲು, ಕಿಟಕಿ ಮೇಲಿನ ಲಿಂಟಲ್ ಮಟ್ಟಕ್ಕೆ ನಿಂತವು. ಮಾತಾಗಿದ್ದ ಇನ್ನೂ ಮೂರು ಮನೆ ಪಾಯಕ್ಕೂ ಬರಲಿಲ್ಲ. ಯಾರನ್ನು ಕೇಳಿದರೂ ಒಂದೇ ಮಾತು, "ಯುಗಾದಿ ಕಳೀಲಿ ಮೇಸ್ತ್ರಿ, ನೋಡೋಣ." ಯುಗಾದಿ ಕಳೆಯಿತು. ಆಮೇಲೆ ಜುಲೈನಲ್ಲಿ ಜಿಎಸ್‌ಟಿ ಬಂತು, ಸಿಮೆಂಟಿಗೆ ಶೇ 28 ಅಂತ ಕೇಳಿ ಮತ್ತೆ ಎಲ್ಲರೂ ನೋಡೋಣ ಅಂದರು.

ನಾನು ಮೊದಲು ಮಾಡಿದ್ದು ತಪ್ಪು ಕೆಲಸ. ರೇಟು ಇಳಿಸಿದೆ. ಬಡಾವಣೆ ಮಾಡುತ್ತಿದ್ದ ಒಬ್ಬರು ಸಾಲು ಮನೆ ಕಟ್ಟಿಸುತ್ತೇನೆ ಅಂತ ಬಂದರು. ಆಳುಗಳು ಖಾಲಿ ಕೂರುವುದು ಬೇಡ ಎಂದು ಬರೀ ಕೂಲಿ ಹುಟ್ಟುವಷ್ಟಕ್ಕೆ, ಸಾಮಾನು ಸಮೇತ ಒಪ್ಪಿಕೊಂಡೆ. ಎರಡನೇ ಕಂತು ಕೇಳಿದಾಗ "ದುಡ್ಡಿನ ಬದಲು ಸೈಟು ತಗೋರಿ" ಅಂದರು. ಸೈಟಿನ ಕಾಗದ ನೋಡಿದರೆ ಖಾತೆಯೇ ಆಗಿಲ್ಲ. ಕಬ್ಬಿಣದ ಅಂಗಡಿಗೆ ನಾನು ಬಾಕಿ, ನನಗೆ ಅವರು ಬಾಕಿ. ಕೊನೆಗೆ ತಾರಸಿ ಹಾಕುವಾಗ ಕೆಳಗೆ ಕೊಡುವ ಸೆಂಟ್ರಿಂಗ್ ಶೀಟುಗಳಲ್ಲಿ ಅರ್ಧ ಮಾರಿ ಅಂಗಡಿ ಸಾಲ ತೀರಿಸಿದೆ. ರೇಟು ಇಳಿಸಿದರೆ ಕೆಲಸ ಸಿಗುತ್ತದೆ ನಿಜ. ಆದರೆ ದುಡ್ಡಿಲ್ಲದವರೇ ಹುಡುಕಿಕೊಂಡು ಬರುತ್ತಾರೆ, ಅಷ್ಟೇ.

ಆ ಹೊತ್ತಿಗೆ ವಿದ್ಯಾನಗರದ ಟೀಚರಮ್ಮನ ಫೋನ್ ಬಂತು. ಅವರ ಮನೆ ಕಟ್ಟಿ ಒಂಬತ್ತು ವರ್ಷ ಆಗಿತ್ತು, ನಾನೇ ಕಟ್ಟಿದ್ದು. ಹಿಂಗಾರು ಮಳೆಗೆ ದೇವರ ಮನೆ ಮೂಲೆ ಸೋರಿದೆ ಅಂದರು. ಒಳ್ಳೆ ಕಾಲದಲ್ಲಾಗಿದ್ದರೆ ಎರಡು ದಿನದ ಕೆಲಸಕ್ಕೆ ಯಾವ ಗುತ್ತಿಗೆದಾರ ಹೋಗುತ್ತಾನೆ? "ಯಾರನ್ನಾದರೂ ಕಳಿಸ್ತೀನಿ ಅಮ್ಮಾ" ಅಂತ ಹೇಳಿ ಮರೆಯುತ್ತಿದ್ದೆ. ಆವತ್ತು ನಾನೇ ಹೋದೆ.

ದಾವಣಗೆರೆಯಲ್ಲಿ ಮಳೆ ಅಂಥಾ ಜಾಸ್ತಿ ಏನಿಲ್ಲ. ಇಲ್ಲಿ ತಾರಸಿ ಕೆಡಿಸುವುದು ಬಿಸಿಲು. ಏಪ್ರಿಲ್‌ನಲ್ಲಿ ಹಗಲು ಕಾದು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಪ್ಯಾರಾಪೆಟ್ ಗೋಡೆ ಮತ್ತು ತಾರಸಿ ಸೇರುವ ಕಡೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ನೀರು ಇಳಿಯುವುದು ಅಲ್ಲಿಂದ, ಇಲ್ಲವೇ ಮಳೆನೀರು ಹೋಗುವ ಪೈಪಿನ ಬಾಯಿಂದ. ಆದರೆ ಒಳಗೆ ಕಲೆ ಕಾಣುವುದು ಇನ್ನೆಲ್ಲೋ. ಅದಕ್ಕೇ ಕಲೆ ಇರುವ ಜಾಗದ ಮೇಲೆ ಸಿಮೆಂಟ್ ಬಳಿದು ಹೋದರೆ ಮುಂದಿನ ವರ್ಷ ಮತ್ತೆ ಸೋರುತ್ತದೆ.

ನಾನು ಮಾಡುವುದು ಹೀಗೆ. ಸಣ್ಣ ಸುತ್ತಿಗೆ ಹಿಡಿದು ಇಡೀ ತಾರಸಿ ತಟ್ಟುತ್ತಾ ಹೋಗುತ್ತೇನೆ. ಟೊಳ್ಳು ಸದ್ದು ಬಂದ ಕಡೆ ಮೇಲಿನ ಗಾರೆ ಬಿಟ್ಟಿದೆ ಅಂತ ಲೆಕ್ಕ, ಅಷ್ಟನ್ನೂ ಕೀಳಬೇಕು. ಬಿರುಕನ್ನು ವಿ ಆಕಾರಕ್ಕೆ ಅಗಲ ಮಾಡಿ ತುಂಬುತ್ತೇನೆ. ಗೋಡೆ ಮೂಲೆಯಲ್ಲಿ ದುಂಡಗೆ ಗಾರೆ ಕಟ್ಟುತ್ತೇನೆ, ನೀರು ಅಲ್ಲಿ ನಿಲ್ಲಬಾರದು. ಹತ್ತು ಅಡಿಗೆ ಒಂದೂಕಾಲು ಇಂಚು ಇಳಿಜಾರು ಇದ್ದರೆ ಸಾಕು. ಗಾರೆ ಗಟ್ಟಿಯಾಗಿ, ದಿನವೂ ನೀರುಣಿಸುವ ಕ್ಯೂರಿಂಗ್ ಮುಗಿದ ಮೇಲೆ ಪೈಪಿನ ಬಾಯಿ ಮುಚ್ಚಿ ಎರಡು ದಿನ ನೀರು ಕಟ್ಟಿ ನಿಲ್ಲಿಸುತ್ತೇನೆ. ಯಜಮಾನರನ್ನೇ ಕರೆದು ಕೆಳಗೆ ತೋರಿಸುತ್ತೇನೆ. ಕೊನೆಯ ಕಂತು ಅದಾದ ಮೇಲೇ. ಬೇಸಿಗೆಯಲ್ಲಿ ಗೋಣಿಚೀಲ ಹಾಸಿ ನೀರು ಹೊಡೆಯದಿದ್ದರೆ ಹೊಸ ಗಾರೆಯೇ ಬಿರಿಯುತ್ತದೆ, ಅದೊಂದು ತಲೆನೋವು.

ಟೀಚರಮ್ಮನ ತಾರಸಿ ಮೇಲೆ ನೀರು ನಿಲ್ಲಿಸಿದ್ದನ್ನು ಅಕ್ಕಪಕ್ಕದವರು ನೋಡಿದರು. ಅದೇ ಬೀದಿಯಲ್ಲಿ ಮೂರು ತಾರಸಿ ಸಿಕ್ಕಿತು. ಒಂದು ಮನೆಯಲ್ಲಿ ತಾರಸಿ ತಪ್ಪೇನೂ ಇರಲಿಲ್ಲ, ಬಚ್ಚಲಿನ ಪೈಪ್ ಒಳಗೇ ಒಡೆದಿತ್ತು. ಪ್ಲಂಬರ್‌ನನ್ನು ಕರೆಸಿರಿ ಅಂತ ಹೇಳಿ ಬಂದೆ. ಸುಮ್ನೆ ಬಂದೆ ಅಂತ ಹೇಳಲಾರೆ, ಹೊಟ್ಟೆ ಉರಿಯಿತು. ಆರು ತಿಂಗಳ ನಂತರ ಅವರೇ ಮೇಲೆ ಒಂದು ರೂಮು ಕಟ್ಟಿಸಿದರು.

ಆಮೇಲೆ ಹುಡುಕಿದ್ದು ದುಡ್ಡು ಎಲ್ಲಿದೆ ಅನ್ನುವುದನ್ನು. ಪೇಟೆಯಲ್ಲಿ ಇರಲಿಲ್ಲ, ಚನ್ನಗಿರಿ ಕಡೆ ಇತ್ತು. ಅಡಿಕೆ ಮಾರಿದ ದುಡ್ಡು ರೈತರ ಖಾತೆಗೆ ಬಂದಿರುತ್ತದೆ, ಮುಂದಿನ ಕೊಯ್ಲಿನ ಒಳಗೆ ಒಣಗಿಸುವ ಕಣ ಆಗಬೇಕಿರುತ್ತದೆ. ನನ್ನ ಮೇಸ್ತ್ರಿಯೊಬ್ಬನ ಭಾವನ ಊರಲ್ಲಿ ಮೊದಲನೇ ಕಣ ಸಿಕ್ಕಿತು. 30 ಅಡಿ, 40 ಅಡಿ. ನಾಲ್ಕು ಇಂಚು ದಪ್ಪ ಅಂದರೆ 400 ಘನ ಅಡಿ ಕಾಂಕ್ರೀಟ್, ಒಂದು ಪಾಲು ಸಿಮೆಂಟ್, ಎರಡು ಮರಳು, ನಾಲ್ಕು ಜಲ್ಲಿಯ ಮಿಶ್ರಣಕ್ಕೆ ಸುಮಾರು 70 ಮೂಟೆ ಸಿಮೆಂಟ್. ಗೌಡರು ಕೇಳಿದರು, "ಚೆಕ್ ಕೊಟ್ರೆ ನಡೀತದೇನಪ್ಪಾ?" ಅಷ್ಟೊತ್ತಿಗೆ ಮೇಸ್ತ್ರಿಗಳಿಗೆಲ್ಲ ಬ್ಯಾಂಕ್ ಖಾತೆ ಮಾಡಿಸಿದ್ದೆ. "ನಡೀತದೆ ಗೌಡ್ರೇ" ಅಂದೆ.

ಕಣದಲ್ಲಿ ಎಲ್ಲರೂ ಕಳ್ಳಬೀಳುವುದು ಕೆಳಗಿನ ನೆಲ ಬಡಿದು ಗಟ್ಟಿ ಮಾಡುವ ದಿಮ್ಮಸಿನಲ್ಲಿ. ಗ್ರಾವೆಲ್ ಹರಡಿ, ನೀರು ಹಾಕಿ, ಸರಿಯಾಗಿ ದಿಮ್ಮಸು ಹೊಡೆಯದಿದ್ದರೆ ಎರಡನೇ ವರ್ಷಕ್ಕೆ ಕಣ ಕುಸಿದು ನೀರು ನಿಲ್ಲುತ್ತದೆ, ಅಡಿಕೆಗೆ ಬೂಷ್ಟು ಹಿಡಿಯುತ್ತದೆ. ಹತ್ತತ್ತು ಅಡಿಗೆ ಜಾಯಿಂಟ್ ಬಿಡಬೇಕು, ಇಲ್ಲದಿದ್ದರೆ ಕಾಂಕ್ರೀಟ್ ತನಗೆ ಬೇಕಾದ ಕಡೆ ಬಿರುಕು ಬಿಡುತ್ತದೆ. ಆ ಬೇಸಿಗೆಯಲ್ಲಿ ಐದು ಕಣ ಮಾಡಿದೆವು.

ಸಾಮಾನು ಸಮೇತ ಗುತ್ತಿಗೆಯನ್ನು ಬಡಾವಣೆಯವರ ಕೈಲಿ ಪೆಟ್ಟು ತಿಂದಾಗಲೇ ಬಿಟ್ಟೆ. ಸಾಮಾನು ಯಜಮಾನರದು, ಕೂಲಿ ನನ್ನದು, ಅಳತೆ ಬರೆದ ಹಾಳೆಯಲ್ಲಿ ಇಬ್ಬರ ಸಹಿ. ಇದು 2021ರಲ್ಲಿ ಕಬ್ಬಿಣದ ರೇಟು ಏರಿದಾಗ ನನ್ನನ್ನು ಉಳಿಸಿತು. ನನ್ನ ಗೆಳೆಯರಿಬ್ಬರು ಹಳೇ ರೇಟಿಗೆ ಮಾತು ಕೊಟ್ಟು ಕೈಯಿಂದ ಹಾಕಿ ಮನೆ ಮುಗಿಸಿದರು.

ಇನ್ನೊಂದು ಕೆಲಸವನ್ನು ತಡವಾಗಿ ಮಾಡಿದೆ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಖಾಲಿ ದಿನಗಳಲ್ಲಿ ಓಡಾಡಿ ಏಳು ಜನಕ್ಕೆ ಕಾರ್ಡ್ ಮಾಡಿಸಿದೆ. 2020ರ ಲಾಕ್‌ಡೌನ್‌ನಲ್ಲಿ ಅವರ ಖಾತೆಗೆ ಸರ್ಕಾರದ 5,000 ಬಂತು. ಕಾರ್ಡ್ ಇಲ್ಲದ ಮೂವರು ಜಗಳೂರು ಕಡೆಯ ತಮ್ಮ ಊರಿಗೆ ಹೋದವರು ತಿರುಗಿ ಬರಲೇ ಇಲ್ಲ. ಅದರಲ್ಲಿ ಒಬ್ಬ ಪ್ಲಾಸ್ಟರಿಂಗ್‌ನಲ್ಲಿ ನನಗಿಂತ ಚೆನ್ನಾಗಿ ಕೈ ಓಡಿಸುತ್ತಿದ್ದ.

ಈಗ ಮತ್ತೆ ಹೊಸ ಮನೆಗಳು ಬರುತ್ತಿವೆ. ಆದರೂ ಮಾರ್ಚ್ ಬಂತೆಂದರೆ ಸುತ್ತಿಗೆ ಸ್ಕೂಟರಿನ ಡಿಕ್ಕಿಯಲ್ಲೇ ಇರುತ್ತದೆ. ಟೀಚರಮ್ಮನ ತಾರಸಿ ಇನ್ನೂ ಸೋರಿಲ್ಲ. ನಿನ್ನೆ ಫೋನ್ ಮಾಡಿದ್ದರು, ಸಂಪಿನಲ್ಲಿ ನೀರು ನಿಲ್ಲುತ್ತಿಲ್ಲವಂತೆ. ನಾಳೆ ಬೆಳಿಗ್ಗೆ ಹೋಗಬೇಕು.