ಕರುಳಿನ ಉರಿಯೂತವಿರುವವರು ಪಿತ್ತನಾಳದ ಮೇಲೆ ನಿಗಾ ಇಡುವ ಬಗೆ

ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡಕರುಳಿನ ಒಳಪದರದಲ್ಲಿ ಉರಿಯೂತ ಮತ್ತು ಹುಣ್ಣು, ಇರುವವರಲ್ಲಿ, ಪಾಶ್ಚಾತ್ಯ ದೇಶಗಳ ಅಂಕಿಗಳ ಪ್ರಕಾರ, ನೂರಕ್ಕೆ ಸುಮಾರು 5 ಮಂದಿಗೆ ಪ್ರೈಮರಿ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್, ಅಂದರೆ ಪಿಎಸ್‌ಸಿ, ಕೂಡ ಬರುತ್ತದೆ. ಯಕೃತ್ತಿನ ಒಳಗೂ ಹೊರಗೂ ಇರುವ ಪಿತ್ತನಾಳಗಳು ಉರಿಯೂತದಿಂದ ಗಡುಸಾಗಿ ಅಲ್ಲಲ್ಲಿ ಕಿರಿದಾಗುವುದರಿಂದ ಪಿತ್ತರಸ ಸರಾಗವಾಗಿ ಹರಿಯುವುದಿಲ್ಲ. ಆದರೂ ಅನೇಕರಿಗೆ ವರ್ಷಗಟ್ಟಲೆ ಯಾವ ತೊಂದರೆಯೂ ಕಾಣಿಸಿಕೊಳ್ಳದು.

ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಲಿವರ್ ಫಂಕ್ಷನ್ ಟೆಸ್ಟ್ ಮಾಡಿಸಿ, ಹಳೆಯ ವರದಿಗಳನ್ನು ಒಂದೇ ಫೈಲಿನಲ್ಲಿಡಿ. ವರದಿ ಕೈಗೆ ಬಂದೊಡನೆ ಎಲ್ಲರ ಕಣ್ಣು ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್ ಮೇಲೆ ಬೀಳುತ್ತದೆ, ಆದರೆ ಇಲ್ಲಿ ಮೊದಲು ನೋಡಬೇಕಾದದ್ದು ಪಿತ್ತದ ಹರಿವಿಗೆ ಅಡ್ಡಿಯಾದಾಗ ಏರುವ ಕಿಣ್ವವಾದ ಅಲ್ಕಲೈನ್ ಫಾಸ್ಫಟೇಸ್ ಸಾಲನ್ನು. ಮೇಲ್ಮಿತಿ 120 ಎಂದು ಅಚ್ಚಾಗಿರುವಲ್ಲಿ ನಿಮ್ಮ ಅಂಕಿ 300 ಇದ್ದು, ಬಿಲಿರುಬಿನ್ ಸರಿಯಾಗಿಯೇ ಇದ್ದರೂ ಅದನ್ನು ಕಡೆಗಣಿಸಬೇಡಿ. ಮೂಳೆಯಿಂದಲೂ ಈ ಅಂಕಿ ಏರಬಹುದಾದ್ದರಿಂದ ವೈದ್ಯರು ಮೂಳೆಯಿಂದ ಏರದ ಯಕೃತ್ತಿನ ಕಿಣ್ವ ಜಿಜಿಟಿಯನ್ನೂ ನೋಡುತ್ತಾರೆ.

ಮುಂದಿನ ಹೆಜ್ಜೆ ಎಂಆರ್‌ಸಿಪಿ, ಅಂದರೆ ಪಿತ್ತನಾಳಗಳ ಚಿತ್ರ ತೆಗೆಯುವ ಎಂಆರ್‌ಐ ಸ್ಕ್ಯಾನ್. ಕೆಲವು ಗಂಟೆ ಉಪವಾಸವಿದ್ದು ಹೋಗಬೇಕು. ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹ ಇದ್ದರೆ ಮುಂಚೆಯೇ ತಿಳಿಸಬೇಕು. ಚಿತ್ರದಲ್ಲಿ ನಾಳಗಳು ಮಣಿಸರದಂತೆ, ಒಂದೆಡೆ ಕಿರಿದಾಗಿ ಪಕ್ಕದಲ್ಲೇ ಉಬ್ಬಿಕೊಂಡು, ಕಾಣುವುದು ಈ ರೋಗದ ಗುರುತು. ಬಾಯಿಯಿಂದ ಕೊಳವೆ ಇಳಿಸುವ ಇಆರ್‌ಸಿಪಿಯನ್ನು ರೋಗಪತ್ತೆಗೆಂದೇ ಮಾಡಿಸುವ ಅಗತ್ಯ ಈಗ ಸಾಮಾನ್ಯವಾಗಿ ಇರುವುದಿಲ್ಲ. ಅದು ಕಿರಿದಾದ ನಾಳವನ್ನು ಹಿಗ್ಗಿಸಬೇಕಾದಾಗ ಬಳಸುವಂಥದು.

ಪಿಎಸ್‌ಸಿ ಖಚಿತವಾದ ಮೇಲೆ ಹೆಚ್ಚಿನವರು ಎಡವುವುದು ಕೊಲೊನೋಸ್ಕೋಪಿಯ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಕೊಳವೆ ಇಳಿಸಿ ದೊಡ್ಡಕರುಳನ್ನು ನೋಡುವ ಪರೀಕ್ಷೆಯ, ವಿಷಯದಲ್ಲಿ. ಎರಡೂ ರೋಗಗಳು ಒಟ್ಟಿಗಿರುವವರ ಕರುಳು ಹಲವೊಮ್ಮೆ ಹೊರನೋಟಕ್ಕೆ ಶಾಂತವಾಗಿರುತ್ತದೆ. ಭೇದಿಯೂ ರಕ್ತವೂ ಇಲ್ಲದಿರುವಾಗ ಪರೀಕ್ಷೆ ಏತಕ್ಕೆ ಎನಿಸುವುದು ಸಹಜ. ಆದರೆ ಕೊಲೈಟಿಸ್ ಮಾತ್ರ ಇರುವವರಿಗಿಂತ ಇವರಲ್ಲಿ ದೊಡ್ಡಕರುಳಿನ ಕ್ಯಾನ್ಸರಿನ ಅಪಾಯ ಹೆಚ್ಚು. ಹಾಗಾಗಿ ಪಿಎಸ್‌ಸಿ ಪತ್ತೆಯಾದ ವರ್ಷದಿಂದಲೇ ಪ್ರತಿ ವರ್ಷ ಕೊಲೊನೋಸ್ಕೋಪಿ ಮಾಡಿಸಬೇಕೆಂಬುದು ರೂಢಿಯ ಸಲಹೆ. ಕೊಲೈಟಿಸ್ ಮಾತ್ರ ಇರುವವರಿಗೆ ಹೇಳುವ ಎಂಟು ವರ್ಷಗಳ ಕಾಯುವಿಕೆ ಇವರಿಗೆ ಅನ್ವಯಿಸದು. ಪಿತ್ತಕೋಶದಲ್ಲಿ ಪಾಲಿಪ್ ಎಂಬ ಸಣ್ಣ ಗಂಟು ಬೆಳೆದಿದೆಯೇ ಎಂದು ತಿಳಿಯಲು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಕೂಡ ಬೇಕು.

ಚಳಿ ನಡುಕದ ಜ್ವರ, ಬಲ ಪಕ್ಕೆಲುಬಿನ ಕೆಳಗೆ ನೋವು, ಕಣ್ಣು ಹಳದಿಯಾಗುವುದು ಇವು ಒಟ್ಟಿಗೆ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನಾಳದೊಳಗಿನ ಸೋಂಕು ಗಂಟೆಗಳಲ್ಲೇ ರಕ್ತಕ್ಕೆ ಹರಡಬಲ್ಲದು. ನಮ್ಮಲ್ಲಿ ಕಾಮಾಲೆ ಎಂದೊಡನೆ ನೆಲನೆಲ್ಲಿ ಅರೆದು ಕುಡಿಸುವವರೂ ಕೈಗೆ ಬರೆ ಹಾಕಿಸುವವರೂ ಇನ್ನೂ ಇದ್ದಾರೆ. ಕಟ್ಟಿಕೊಂಡ ನಾಳ ಅದರಿಂದ ತೆರೆಯುವುದಿಲ್ಲ, ಹೊತ್ತು ಮಾತ್ರ ಕಳೆದುಹೋಗುತ್ತದೆ.

ರಾತ್ರಿ ನಿದ್ದೆಗೆಡಿಸುವ ತುರಿಕೆಗೆ ಕೊಲೆಸ್ಟಿರಮೈನ್ ಪುಡಿ ಬರೆದುಕೊಟ್ಟರೆ, ಅದು ಉಳಿದ ಔಷಧಗಳನ್ನು ಹೀರಿಕೊಳ್ಳುವುದರಿಂದ ಅವನ್ನು ಅದಕ್ಕಿಂತ ಒಂದು ಗಂಟೆ ಮೊದಲು ಅಥವಾ ನಾಲ್ಕರಿಂದ ಆರು ಗಂಟೆ ನಂತರ ತೆಗೆದುಕೊಳ್ಳಬೇಕು. ಪಿತ್ತದ ಹರಿವಿಗೆಂದು ಕೊಡುವ ಅರ್ಸೊಡಿಆಕ್ಸಿಕೋಲಿಕ್ ಆಮ್ಲ ಎಂಬ ಔಷಧದ ಪ್ರಮಾಣವನ್ನು ತಾವಾಗಿಯೇ ಏರಿಸಬಾರದು, ಏಕೆಂದರೆ ಅತಿ ಹೆಚ್ಚು ಪ್ರಮಾಣದಿಂದ ಹಾನಿಯೇ ಆದದ್ದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂದಿದೆ. ರೋಗದ ಮುನ್ನಡೆಯನ್ನು ತಡೆಯುವುದೆಂದು ಸಾಬೀತಾದ ಔಷಧ ಇನ್ನೂ ಇಲ್ಲದಿರುವುದರಿಂದ ಕೆಲವರಿಗೆ ಕೊನೆಗೆ ಯಕೃತ್ತಿನ ಕಸಿ ಬೇಕಾಗುತ್ತದೆ. ದೊಡ್ಡಕರುಳು ಹಾಗೆಯೇ ಉಳಿದಿದ್ದರೆ, ಕಸಿಯ ನಂತರವೂ ವರ್ಷದ ಕೊಲೊನೋಸ್ಕೋಪಿ ತಪ್ಪುವುದಿಲ್ಲ.